ಹೊಸ ಟಿವಿಯೊಳಗಿನ ಅರ್ಧ ಚಮಚ ದ್ರವ ಮತ್ತು ನಮ್ಮ ಬೆಂಗಳೂರಿನ ಪ್ರೊ. ಚಂದ್ರಶೇಖರ್

ಯಲಹಂಕದಲ್ಲೋ, ಹೆಬ್ಬಾಳದಲ್ಲೋ, ಆರ್.ಟಿ. ನಗರದಲ್ಲೋ ಇರುವ ನಿಮ್ಮ ಮನೆಗೆ ಹೊಸ ಟಿವಿ ಬಂದಿದೆ ಎಂದುಕೊಳ್ಳಿ. ಅಳವಡಿಸಲು ಬಂದ ಹುಡುಗ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಯೇ ಬಿಚ್ಚುತ್ತಾನೆ. ಪರದೆಯ ಮಧ್ಯಭಾಗ ಮುಟ್ಟಬೇಡಿ, ಅಂಚು ಹಿಡಿದು ಎತ್ತಿ ಎನ್ನುತ್ತಾನೆ. ಗೋಡೆಯಲ್ಲಿ ತೂತು ಕೊರೆಯುವಷ್ಟರಲ್ಲಿ ಮನೆಯ ಮಗು ಬಂದು ಪರದೆಯನ್ನು ಬೆರಳಿನಿಂದ ಒತ್ತಿಯೂ ಆಗಿರುತ್ತದೆ. ಟಿವಿ ಆನ್ ಆಗಿದ್ದರೆ ಒತ್ತಿದ ಜಾಗದಲ್ಲಿ ನೀರಿಗೆ ಕಲ್ಲು ಹಾಕಿದಂತೆ ಬಣ್ಣ ಕದಡುತ್ತದೆ, ಬೆರಳು ತೆಗೆದ ಕೂಡಲೇ ಸರಿಹೋಗುತ್ತದೆ.

ಗಟ್ಟಿ ಪರದೆಯೊಳಗೆ ಕದಡಿದ್ದು ಏನು? ಅಲ್ಲಿ ನಿಜಕ್ಕೂ ಒಂದು ದ್ರವ ಇದೆ. ಅದರ ಹೆಸರು ದ್ರವಸ್ಫಟಿಕ. ಎಲ್‌ಸಿಡಿ ಎಂಬ ಮೂರಕ್ಷರದಲ್ಲಿ ಮೊದಲ ಎರಡು ಅಕ್ಷರ ಹೇಳುವುದು ಇದನ್ನೇ. ಈ ವಿಚಿತ್ರ ವಸ್ತುವಿನ ಬಗ್ಗೆ ಜಗತ್ತು ಮಾಡಿದ ಸಂಶೋಧನೆಯಲ್ಲಿ ಒಂದು ದೊಡ್ಡ ಅಧ್ಯಾಯ ಬರೆಯಲ್ಪಟ್ಟಿದ್ದು ನಿಮ್ಮ ಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಮೇಖ್ರಿ ವೃತ್ತದ ಪಕ್ಕದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮತ್ತು ಆಮೇಲೆ ಜಾಲಹಳ್ಳಿಯಲ್ಲಿ. ಅದನ್ನು ಬರೆದವರು ಪ್ರೊ. ಎಸ್. ಚಂದ್ರಶೇಖರ್. ಅವರು ತೀರಿಕೊಂಡು ಎರಡು ದಶಕ ದಾಟಿದೆ. ವಿಜ್ಞಾನಿಗಳ ನಡುವೆ ಅವರದು ಇಂದಿಗೂ ದೊಡ್ಡ ಹೆಸರು. ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಮಾತ್ರ ಆ ಹೆಸರು ಬಂದರೆ ತಪ್ಪು ಮನುಷ್ಯನ ಫೋಟೊ ಜೊತೆಗೆ ಬರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಮೊದಲು ಅದನ್ನೇ ಬಿಡಿಸಿಕೊಳ್ಳೋಣ.

ಯಾವ ಚಂದ್ರಶೇಖರ್?

ಸರ್ ಸಿ.ವಿ. ರಾಮನ್ ಅವರ ಬಂಧುಗಳಲ್ಲಿ ಎಸ್. ಚಂದ್ರಶೇಖರ್ ಎಂಬ ಹೆಸರಿನ ಭೌತವಿಜ್ಞಾನಿಗಳು ಇಬ್ಬರು. ಒಬ್ಬರು ಸುಬ್ರಹ್ಮಣ್ಯನ್ ಚಂದ್ರಶೇಖರ್. ರಾಮನ್ ಅವರ ಅಣ್ಣನ ಮಗ. ಅಮೆರಿಕದ ಷಿಕಾಗೋದಲ್ಲಿ ಕೆಲಸ ಮಾಡಿದರು, ನಕ್ಷತ್ರಗಳ ಬಗೆಗಿನ ಸಂಶೋಧನೆಗೆ 1983ರಲ್ಲಿ ನೊಬೆಲ್ ಪಡೆದರು. ಇನ್ನೊಬ್ಬರು ಶಿವರಾಮಕೃಷ್ಣ ಚಂದ್ರಶೇಖರ್. ರಾಮನ್ ಅವರ ಸಹೋದರಿಯ ಮಗ, ಅಂದರೆ ಸೋದರಳಿಯ. ನಮ್ಮ ಕಥೆಯ ನಾಯಕರು ಇವರೇ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಪದ ಬಳಸುವುದರಿಂದ ಗೊಂದಲ ಸುಲಭ. ಸಾಲದ್ದಕ್ಕೆ ಮೊದಲನೆಯವರಿಗೆ ನೊಬೆಲ್ ಬಂದ ಅದೇ 1983ರಲ್ಲಿ ಎರಡನೆಯವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ನೊಬೆಲ್ ಪಡೆದವರು ಟಿವಿ ಪರದೆಯ ಕೆಲಸ ಮಾಡಿದವರಲ್ಲ. ಟಿವಿ ಪರದೆಯ ವಿಜ್ಞಾನಕ್ಕೆ ಕೈಹಾಕಿದವರಿಗೆ ನೊಬೆಲ್ ಬಂದಿಲ್ಲ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ತಿರುಗುವ ಬೆಳಕಿನಿಂದ ಶುರು

ಶಿವರಾಮಕೃಷ್ಣ ಚಂದ್ರಶೇಖರ್ ಹುಟ್ಟಿದ್ದು 1930ರ ಆಗಸ್ಟ್ 6ರಂದು, ಕಲ್ಕತ್ತೆಯಲ್ಲಿ. ಮನೆಯೇ ವಿಜ್ಞಾನಿಗಳ ಗೂಡು. ಅಣ್ಣ ಎಸ್. ರಾಮಶೇಷನ್ ಮುಂದೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ತಮ್ಮ ಎಸ್. ಪಂಚರತ್ನಂ ಬೆಳಕಿನ ಬಗ್ಗೆ 1956ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ ಕಂಡುಕೊಂಡ ಸಂಗತಿಗೆ ಇಂದು ಅವರದೇ ಹೆಸರಿದೆ.

ಚಂದ್ರಶೇಖರ್ ನಾಗಪುರ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬೆಂಗಳೂರಿಗೆ ಬಂದು ಸೋದರಮಾವ ರಾಮನ್ ಅವರ ಸಂಸ್ಥೆ ಸೇರಿದರು. ಮಾವನ ಸಂಸ್ಥೆ ಎಂದರೆ ಆರಾಮ ಎಂದುಕೊಳ್ಳಬೇಡಿ. ಅಲ್ಲಿದ್ದವರು ಬೆರಳೆಣಿಕೆಯ ವಿದ್ಯಾರ್ಥಿಗಳು, ಉಪಕರಣಗಳೂ ಸರಳ. ಯುವಕ ಚಂದ್ರಶೇಖರ್ ಅಲ್ಲಿ ಅಳೆದದ್ದು ಒಂದು ಸೂಕ್ಷ್ಮ ಗುಣವನ್ನು: ಕೆಲವು ಹರಳುಗಳು ತಮ್ಮ ಮೂಲಕ ಹಾಯುವ ಬೆಳಕಿನ ಕಂಪನದ ದಿಕ್ಕನ್ನೇ ತಿರುಗಿಸಿಬಿಡುತ್ತವೆ. ಯಾವ ಬಣ್ಣವನ್ನು ಎಷ್ಟು ತಿರುಗಿಸುತ್ತವೆ ಎಂಬುದೇ ಪ್ರಶ್ನೆ. ಈ ಕೆಲಸಕ್ಕೆ 1954ರಲ್ಲಿ ನಾಗಪುರ ವಿಶ್ವವಿದ್ಯಾನಿಲಯದಿಂದ ಡಿ.ಎಸ್ಸಿ. ಪದವಿ ಬಂತು.

ಬೆಳಕು ತಿರುಗುವುದನ್ನು ಅಳೆದು ಯಾರಿಗೇನು ಲಾಭ ಎಂದು ಆಗ ಯಾರಾದರೂ ಕೇಳಿದ್ದರೆ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು. ಆದರೆ ನಿಮ್ಮ ಟಿವಿ ಕೆಲಸ ಮಾಡುವುದು ಬಹುಮಟ್ಟಿಗೆ ಬೆಳಕಿನ ಈ ಕಂಪನದ ದಿಕ್ಕನ್ನು ಬದಲಿಸುವುದರಿಂದಲೇ. ಅದು ಹೇಗೆಂದು ಮುಂದೆ ನೋಡೋಣ.

ಡಿ.ಎಸ್ಸಿ. ಬಳಿಕ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು. ಅಲ್ಲಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಎಕ್ಸ್‌ರೇ ಮತ್ತು ನ್ಯೂಟ್ರಾನ್ ಬಳಸಿ ಹರಳುಗಳನ್ನು ಅಭ್ಯಾಸ ಮಾಡಿ ಎರಡನೇ ಡಾಕ್ಟರೇಟ್ ಗಳಿಸಿದರು. ಲಂಡನ್ನಿನಲ್ಲೂ ಕೆಲಸ ಮಾಡಿದರು. ಅಲ್ಲಿಯೇ ಉಳಿಯಬಹುದಿತ್ತು. ಆದರೆ 1961ರಲ್ಲಿ ಮರಳಿ ಬಂದು ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾದರು. ಹೊಸ ವಿಭಾಗ, ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕು. ತಮ್ಮ ಪಂಚರತ್ನಂ ಕೂಡ ಕೆಲವು ವರ್ಷ ಅಲ್ಲಿ ಪಾಠ ಹೇಳಿದರು. ದ್ರವಸ್ಫಟಿಕ ಎಂಬ ವಿಷಯವನ್ನು ಚಂದ್ರಶೇಖರ್ ಕೈಗೆತ್ತಿಕೊಂಡದ್ದು ಮೈಸೂರಿನಲ್ಲೇ.

ದ್ರವವೂ ಹೌದು, ಹರಳೂ ಹೌದು

ಇದು ಹೊಸ ಪತ್ತೆಯೇನಲ್ಲ. 1888ರಲ್ಲಿ ಫ್ರೆಡ್ರಿಕ್ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ಕೊಲೆಸ್ಟರಾಲ್‌ನಿಂದ ಮಾಡಿದ ಒಂದು ವಸ್ತುವನ್ನು ಕಾಯಿಸುತ್ತಿದ್ದರು. ಅದು ಎರಡು ಸಲ ಕರಗಿತು! ಸುಮಾರು 145 ಡಿಗ್ರಿಯಲ್ಲಿ ಮಬ್ಬು ದ್ರವವಾಯಿತು, ಇನ್ನೂ ಕಾಯಿಸಿದಾಗ ಸುಮಾರು 178 ಡಿಗ್ರಿಯಲ್ಲಿ ತಿಳಿಯಾಯಿತು. ನಡುವಿನ ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ.

ಅರ್ಥ ಮಾಡಿಕೊಳ್ಳಲು ಯಶವಂತಪುರ ರೈಲು ನಿಲ್ದಾಣದ ಮೇಲ್ಸೇತುವೆಯನ್ನು ನೆನಪಿಸಿಕೊಳ್ಳಿ. ರೈಲು ಬಂದ ಹೊತ್ತಿನಲ್ಲಿ ಜನ ಒಬ್ಬರನ್ನೊಬ್ಬರು ದಾಟುತ್ತಾ ಹರಿಯುತ್ತಿರುತ್ತಾರೆ, ಯಾರ ಜಾಗವೂ ನಿಗದಿಯಲ್ಲ. ಆದರೆ ಎಲ್ಲರ ಮುಖವೂ ಒಂದೇ ದಿಕ್ಕಿಗೆ. ದ್ರವಸ್ಫಟಿಕದ ಅಣುಗಳೂ ಹೀಗೆಯೇ. ದ್ರವದಂತೆ ಹರಿಯುತ್ತವೆ, ಹರಳಿನಂತೆ ಒಂದು ದಿಕ್ಕಿಗೆ ಸಾಲುಗಟ್ಟುತ್ತವೆ. ಸಿನಿಮಾ ಮಂದಿರದ ಕುರ್ಚಿಯಲ್ಲಿ ಕೂತವರು ಹರಳು. ಸಂತೆಯಲ್ಲಿ ದಿಕ್ಕಾಪಾಲಾಗಿ ಓಡಾಡುವವರು ಮಾಮೂಲಿ ದ್ರವ. ಮೇಲ್ಸೇತುವೆಯ ಮೇಲಿನವರು ದ್ರವಸ್ಫಟಿಕ.

ಟಿವಿಗೆ ಇದು ಏಕೆ ಬೇಕು?

ಟಿವಿಯ ಹಿಂಭಾಗದಲ್ಲಿ ಬಿಳಿ ಬೆಳಕಿದೆ. ಅದರ ಮುಂದೆ ಒಂದು ವಿಶೇಷ ಹಾಳೆ. ಕಿಟಕಿಯ ಉದ್ದುದ್ದ ಸರಳುಗಳ ನಡುವೆ ಪೋಸ್ಟ್ ಕಾರ್ಡನ್ನು ನೆಟ್ಟಗೆ ಹಿಡಿದರೆ ಮಾತ್ರ ತೂರಿಸಬಹುದಲ್ಲವೇ? ಹಾಗೆಯೇ ಈ ಹಾಳೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಬಿಡುತ್ತದೆ. ಪರದೆಯ ಮುಂಭಾಗದಲ್ಲಿ ಇನ್ನೊಂದು ಅಂಥದೇ ಹಾಳೆ, ಆದರೆ ಸರಳುಗಳು ಅಡ್ಡಡ್ಡ. ನಡುವೆ ಏನೂ ಇಲ್ಲದಿದ್ದರೆ ಬೆಳಕು ಹೊರಗೆ ಬಾರದು, ಪರದೆ ಕಪ್ಪು.

ಈ ಎರಡರ ನಡುವೆ ದ್ರವಸ್ಫಟಿಕದ ತೆಳು ಪದರ ಇರುತ್ತದೆ. ಅದು ಬೆಳಕಿನ ಕಂಪನದ ದಿಕ್ಕನ್ನು ಬದಲಿಸಿದರೆ ಬೆಳಕು ಮುಂದಿನ ಹಾಳೆಯನ್ನು ದಾಟಿ ನಿಮ್ಮ ಕಣ್ಣಿಗೆ ಬರುತ್ತದೆ. ಸಣ್ಣ ವಿದ್ಯುತ್ ವೋಲ್ಟೇಜ್ ಕೊಟ್ಟರೆ ಅಣುಗಳು ಮುಖ ತಿರುಗಿಸುತ್ತವೆ, ಹೊರಬರುವ ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಒಂದು 4ಕೆ ಟಿವಿಯಲ್ಲಿ 82,94,400 ಚುಕ್ಕಿಗಳಿವೆ. ಪ್ರತಿ ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಕಿಟಕಿ. ಎರಡೂವರೆ ಕೋಟಿಗೆ ಹತ್ತಿರವಾದ ಈ ಕಿಟಕಿಗಳನ್ನು ತೆರೆದು ಮುಚ್ಚುವುದು ದ್ರವಸ್ಫಟಿಕದ ಕೆಲಸ. ಅದೂ ಎಷ್ಟು? ಪದರದ ದಪ್ಪ ಸುಮಾರು 4 ಮೈಕ್ರಾನ್, ತಲೆಗೂದಲಿನ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. 43 ಇಂಚಿನ ಟಿವಿಯ ಪೂರ್ತಿ ಪರದೆಯ ದ್ರವವನ್ನು ಒಟ್ಟು ಮಾಡಿದರೆ ಸುಮಾರು 2 ಮಿಲಿ ಲೀಟರ್. ಅರ್ಧ ಟೀ ಚಮಚವೂ ತುಂಬದು.

ಕಡ್ಡಿಗಳ ಲೋಕಕ್ಕೆ ಬಂದ ತಟ್ಟೆಗಳು

ರಾಮನ್ 1970ರ ನವೆಂಬರ್ 21ರಂದು ತೀರಿಕೊಂಡರು. ಅವರ ನಂತರ ಸಂಸ್ಥೆಯ ಹೊಣೆ ಹೊತ್ತವರು ಮಗ ವಿ. ರಾಧಾಕೃಷ್ಣನ್. ಚಂದ್ರಶೇಖರ್ 1971ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಬಂದು ಇಲ್ಲಿ ದ್ರವಸ್ಫಟಿಕ ಪ್ರಯೋಗಾಲಯ ಕಟ್ಟಿದರು. ಬೇಕಾದ ರಾಸಾಯನಿಕಗಳನ್ನು ವಿದೇಶದಿಂದ ತರಿಸಿಕೊಂಡು ಅಳೆಯುತ್ತಾ ಕೂರುವ ಬದಲು ಇಲ್ಲೇ ತಯಾರಿಸುವ ವ್ಯವಸ್ಥೆ ಬೆಳೆಸಿದ್ದು ಅವರ ಜಾಣತನ. ರಸಾಯನ ಬಲ್ಲವರು, ಎಕ್ಸ್‌ರೇ ಬಲ್ಲವರು, ಗಣಿತ ಬಲ್ಲವರು ಎಲ್ಲರೂ ಒಂದೇ ಸೂರಿನಡಿ. 1973ರಲ್ಲಿ ಮತ್ತು ಮತ್ತೆ 1982ರಲ್ಲಿ ಜಗತ್ತಿನ ದ್ರವಸ್ಫಟಿಕ ವಿಜ್ಞಾನಿಗಳು ಸಮ್ಮೇಳನಕ್ಕೆಂದು ಬೆಂಗಳೂರಿಗೇ ಬಂದರು.

ಆ ಕಾಲಕ್ಕೆ ಒಂದು ನಂಬಿಕೆ ಗಟ್ಟಿಯಾಗಿತ್ತು: ದ್ರವಸ್ಫಟಿಕವಾಗಬೇಕಾದರೆ ಅಣು ಕಡ್ಡಿಯಂತೆ ಉದ್ದವಾಗಿರಬೇಕು. ಬೆಂಕಿಕಡ್ಡಿಗಳು ಪೆಟ್ಟಿಗೆಯಲ್ಲಿ ತಾವಾಗಿಯೇ ಸಾಲಾಗುವಂತೆ ಉದ್ದನೆಯ ಅಣುಗಳು ಸಾಲಾಗುತ್ತವೆ ಎಂಬುದು ಲೆಕ್ಕ. ಸುಮಾರು 90 ವರ್ಷಗಳಲ್ಲಿ ತಯಾರಾದ ಸಾವಿರಾರು ದ್ರವಸ್ಫಟಿಕಗಳು ಅದಕ್ಕೆ ಸಾಕ್ಷಿ ಹೇಳುತ್ತಿದ್ದವು.

ಕಡ್ಡಿಯ ಬದಲು ಅಣು ನಾಣ್ಯದಂತೆ ಚಪ್ಪಟೆಯಾಗಿದ್ದರೆ? ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಈ ಪ್ರಶ್ನೆಯ ಬೆನ್ನು ಹತ್ತಿದರು. ನಡುವೆ ಬೆಂಜೀನ್ ಉಂಗುರ, ಸುತ್ತಲೂ ಆರು ಬಾಲಗಳಿರುವ ತಟ್ಟೆಯಂಥ ಅಣುಗಳನ್ನು ತಯಾರಿಸಿ ಕಾಯಿಸಿ ನೋಡಿದರು. ಘನವೂ ಅಲ್ಲದ, ಮಾಮೂಲಿ ದ್ರವವೂ ಅಲ್ಲದ ನಡುವಿನ ಸ್ಥಿತಿ ಅಲ್ಲಿ ಸಿಕ್ಕಿತು. ತಟ್ಟೆ ಇಡ್ಲಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅಣುಗಳು ಕಂಬ ಕಂಬವಾಗಿ ನಿಂತಿವೆ ಎಂದು ಎಕ್ಸ್‌ರೇ ತೋರಿಸಿತು. ಇವಕ್ಕೆ ಡಿಸ್ಕಾಟಿಕ್ ದ್ರವಸ್ಫಟಿಕ ಎಂಬ ಹೆಸರು ಬಂತು. ಈ ಪತ್ತೆಯನ್ನು ಅವರು ಪ್ರಕಟಿಸಿದ್ದು ಬೆಂಗಳೂರಿನಿಂದಲೇ ಹೊರಡುವ ಪ್ರಮಾಣ ಎಂಬ ಪತ್ರಿಕೆಯಲ್ಲಿ, 1977ರಲ್ಲಿ. ವಿದೇಶಿ ಪತ್ರಿಕೆಯಲ್ಲಿ ಬಂದರಷ್ಟೇ ಬೆಲೆ ಎನ್ನುವವರಿಗೆ ಇದೊಂದು ಉತ್ತರ. ಆ ಪುಟ್ಟ ಲೇಖನದಿಂದ ಹೊಸ ಶಾಖೆಯೇ ಹುಟ್ಟಿತು.

ಅದೇ 1977ರಲ್ಲಿ ದ್ರವಸ್ಫಟಿಕಗಳ ಬಗ್ಗೆ ಅವರು ಬರೆದ ಪಠ್ಯಪುಸ್ತಕವನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಮುದ್ರಣಾಲಯ ಹೊರತಂದಿತು. ಜಗತ್ತಿನ ಎಷ್ಟೋ ವಿದ್ಯಾರ್ಥಿಗಳು ಈ ವಿಷಯ ಕಲಿತದ್ದು ಅದರಿಂದ. 1992ರಲ್ಲಿ ಎರಡನೇ ಆವೃತ್ತಿ ಬರುವಾಗ ತಟ್ಟೆ ಅಣುಗಳಿಗೇ ಒಂದು ಅಧ್ಯಾಯ ಬೇಕಾಯಿತು.

ಹಾಗಾದರೆ ಎಲ್‌ಸಿಡಿ ಟಿವಿ ಕಂಡುಹಿಡಿದವರು ಇವರೇ?

ಅಲ್ಲ. ಹೆಮ್ಮೆಯ ಭರದಲ್ಲಿ ಹಾಗೆ ಫಾರ್ವರ್ಡ್ ಮಾಡಬೇಡಿ. ಎಲ್‌ಸಿಡಿ ಪರದೆ ಒಬ್ಬರ ಕೂಸಲ್ಲ. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಜಾರ್ಜ್ ಹೈಲ್‌ಮೇಯರ್ ತಂಡ ಮೊದಲ ಪರದೆಗಳನ್ನು ತೋರಿಸಿತು. 1970ರ ಸುಮಾರಿಗೆ ಸ್ವಿಟ್ಜರ್ಲೆಂಡಿನಲ್ಲಿ ಶಾಟ್ ಮತ್ತು ಹೆಲ್‌ಫ್ರಿಕ್, ಅಮೆರಿಕದಲ್ಲಿ ಜೇಮ್ಸ್ ಫರ್ಗಸನ್ ಬೆಳಕನ್ನು ತಿರುಗಿಸುವ ವಿಧಾನ ರೂಪಿಸಿದರು. ಕೋಣೆಯ ಉಷ್ಣತೆಯಲ್ಲಿ ಕೆಡದೆ ಉಳಿಯುವ ದ್ರವಸ್ಫಟಿಕ ಕೊಟ್ಟವರು ಇಂಗ್ಲೆಂಡಿನ ಜಾರ್ಜ್ ಗ್ರೇ. ಅದನ್ನೆಲ್ಲ ವಾಚು, ಕ್ಯಾಲ್ಕುಲೇಟರ್, ಟಿವಿಯಾಗಿ ಬೆಳೆಸಿದ್ದರಲ್ಲಿ ಜಪಾನಿನ ಕಂಪನಿಗಳ ಪಾಲು ದೊಡ್ಡದು.

ಚಂದ್ರಶೇಖರ್ ಅವರ ಕೊಡುಗೆ ಬೇರೆ ಬಗೆಯದು. ಹಳೆಯ ಎಲ್‌ಸಿಡಿ ಪರದೆಗಳಿಗೆ ಒಂದು ರೋಗವಿತ್ತು: ನೇರ ಕೂತವರಿಗೆ ಚಿತ್ರ ಚೆನ್ನ, ಪಕ್ಕದಲ್ಲಿ ಕೂತವರಿಗೆ ಬಣ್ಣ ಉಲ್ಟಾ. 1990ರ ದಶಕದ ಮಧ್ಯದಲ್ಲಿ ಜಪಾನಿನ ಫ್ಯೂಜಿ ಕಂಪನಿ ಡಿಸ್ಕಾಟಿಕ್ ಅಣುಗಳನ್ನು ಬಳಸಿ ಒಂದು ತೆಳು ಹಾಳೆ ತಯಾರಿಸಿತು. ಅದನ್ನು ಪರದೆಗೆ ಸೇರಿಸಿದಾಗ ಪಕ್ಕದಿಂದಲೂ ಚಿತ್ರ ಚೆನ್ನಾಗಿ ಕಂಡಿತು. ಕಂಪ್ಯೂಟರ್ ಪರದೆಗಳಲ್ಲಿ ಅದು ವ್ಯಾಪಕವಾಗಿ ಬಳಕೆಯಾಯಿತು. ಮೇಖ್ರಿ ವೃತ್ತದ ಬಳಿ ಕುತೂಹಲಕ್ಕೆ ಹುಟ್ಟಿದ ತಟ್ಟೆ ಅಣುಗಳ ವಿದ್ಯೆ ಸುಮಾರು ಎರಡು ದಶಕದ ಬಳಿಕ ಜಪಾನಿನ ಕಾರ್ಖಾನೆಯಲ್ಲಿ ಸರಕಾಯಿತು. ಇಂದಿನ ಟಿವಿಗಳಲ್ಲಿ ಈ ತೊಂದರೆಯನ್ನು ನೀಗುವ ಬೇರೆ ವಿಧಾನಗಳೂ ಇವೆ, ಹಾಗಾಗಿ ನಿಮ್ಮ ಟಿವಿಯಲ್ಲಿ ಅದೇ ಹಾಳೆ ಇರಲೇಬೇಕೆಂದಿಲ್ಲ.

ನಿವೃತ್ತಿಯ ನಂತರ ಜಾಲಹಳ್ಳಿ

1990ರಲ್ಲಿ ಚಂದ್ರಶೇಖರ್ ರಾಮನ್ ಸಂಸ್ಥೆಯಿಂದ ನಿವೃತ್ತರಾದರು. ವಯಸ್ಸು ಅರವತ್ತು, ಹೆಸರಿಗೇನೂ ಕೊರತೆಯಿರಲಿಲ್ಲ. ಅದೇ ಹೊತ್ತಿನಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ದ್ರವಸ್ಫಟಿಕ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರು. ಮನೆಯಲ್ಲಿ ಕೂತು ಸನ್ಮಾನ ಸ್ವೀಕರಿಸಬಹುದಿತ್ತು. ಅವರು ಮಾಡಿದ್ದು ಮತ್ತೊಂದು ಪ್ರಯೋಗಾಲಯ. 1991ರಲ್ಲಿ ಜಾಲಹಳ್ಳಿಯಲ್ಲಿ, ಬಿಇಎಲ್ ಒದಗಿಸಿದ ಜಾಗದಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರ ಶುರುವಾಯಿತು. ವಿಜ್ಞಾನಿಗಳು ಮತ್ತು ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಅಕ್ಕಪಕ್ಕ ಇದ್ದರೆ ಇಲ್ಲಿನ ವಿದ್ಯೆ ಇಲ್ಲಿಯೇ ವಸ್ತುವಾಗಲು ದಾರಿಯಾಗುತ್ತದೆ. ಒಮ್ಮೆ ಮೈಸೂರಿನಲ್ಲಿ, ಒಮ್ಮೆ ಮೇಖ್ರಿ ವೃತ್ತದಲ್ಲಿ, ಮೂರನೆಯ ಸಲ ಜಾಲಹಳ್ಳಿಯಲ್ಲಿ ಅವರು ಸೊನ್ನೆಯಿಂದ ಶುರು ಮಾಡಿದರು. ಆ ಕೇಂದ್ರ ಹೆಸರು ಬದಲಿಸಿಕೊಂಡು ಈಗ ನ್ಯಾನೋ ಮತ್ತು ಮೃದು ವಸ್ತುಗಳ ಸಂಶೋಧನಾ ಕೇಂದ್ರವಾಗಿ, ತುಮಕೂರು ರಸ್ತೆ ಕಡೆಯ ಶಿವನಪುರದಲ್ಲಿ ಕೆಲಸ ಮಾಡುತ್ತಿದೆ.

1994ರಲ್ಲಿ ರಾಯಲ್ ಸೊಸೈಟಿಯ ರಾಯಲ್ ಮೆಡಲ್, 1998ರಲ್ಲಿ ಪದ್ಮಭೂಷಣ ಬಂದವು. 2004ರ ಮಾರ್ಚ್ 8ರಂದು ಬೆಂಗಳೂರಿನಲ್ಲಿ ಅವರು ಕಣ್ಣು ಮುಚ್ಚಿದರು. ಆಗ ನಮ್ಮ ಬಹುತೇಕ ಮನೆಗಳಲ್ಲಿ ಇದ್ದದ್ದು ಹಿಂದೆ ಡೊಳ್ಳು ಹೊಟ್ಟೆಯಿದ್ದ ಹಳೆಯ ಟಿವಿ. ಜಗತ್ತಿನ ಮಾರುಕಟ್ಟೆಯಲ್ಲಿ ಎಲ್‌ಸಿಡಿ ಟಿವಿ ಹಳೆಯ ಟಿವಿಯನ್ನು ಹಿಂದಿಕ್ಕಿದ್ದು ಅವರು ಹೋದ ಮೂರು ನಾಲ್ಕು ವರ್ಷದ ಮೇಲೆ. ಬದುಕಿಡೀ ಅವರು ಅಧ್ಯಯನ ಮಾಡಿದ ವಸ್ತು ಆರ್.ಟಿ. ನಗರದ ಪ್ರತಿ ಗೋಡೆಯ ಮೇಲೂ ತೂಗುವುದನ್ನು ಅವರು ನೋಡಲಿಲ್ಲ. ಇಂದಿಗೂ ನಾವು ಕೊಳ್ಳುವ ಟಿವಿಗಳ ಪರದೆಗಳು ಬಹುಪಾಲು ಹೊರದೇಶಗಳಿಂದಲೇ ಬರುತ್ತವೆ. ಜಾಲಹಳ್ಳಿಯ ಆ ಕನಸು ಅರ್ಧ ದಾರಿಯಲ್ಲಿದೆ.

ಹೊಸ ಟಿವಿ ಅಳವಡಿಸುವಾಗ ನೆನಪಿಡಿ

ದ್ರವಸ್ಫಟಿಕದ ಈ ಕಥೆ ಗೊತ್ತಾದರೆ ಟಿವಿ ಬಗೆಗಿನ ಹಲವು ಅನುಮಾನಗಳು ತಾವಾಗಿಯೇ ಪರಿಹಾರವಾಗುತ್ತವೆ.

ಎಲ್‌ಇಡಿ ಟಿವಿ ಮತ್ತು ಎಲ್‌ಸಿಡಿ ಟಿವಿ ಬೇರೆ ಬೇರೆಯೇ? ಅಲ್ಲ. ಮನೆಬಳಕೆಯ ಎಲ್‌ಇಡಿ ಟಿವಿ ಎಂದರೆ ಹಿಂಬದಿಯಲ್ಲಿ ಎಲ್‌ಇಡಿ ದೀಪವಿರುವ ಎಲ್‌ಸಿಡಿ ಟಿವಿ. ಕ್ಯೂಎಲ್‌ಇಡಿ ಕೂಡ ಅದೇ ಕುಟುಂಬ. ಓಎಲ್‌ಇಡಿ ಮಾತ್ರ ಬೇರೆ, ಅದರಲ್ಲಿ ಚುಕ್ಕಿಗಳೇ ಬೆಳಗುತ್ತವೆ, ದ್ರವಸ್ಫಟಿಕ ಬೇಕಿಲ್ಲ.

ಪರದೆ ಒಡೆದರೆ ಒಳಗಿನ ದ್ರವ ಪ್ರಾಣ ತೆಗೆಯುವ ವಿಷವೇ? ಮುಟ್ಟಿದರೆ ಸಾಯುವಂಥದ್ದೇನೂ ಅಲ್ಲ, ಪ್ರಮಾಣವೂ ಅತ್ಯಲ್ಪ. ನಿಜವಾದ ಅಪಾಯ ಒಡೆದ ಗಾಜಿನದು. ಆದರೂ ಬಾಯಿಗೆ ಕಣ್ಣಿಗೆ ತಾಗಿಸಬೇಡಿ, ಕೈಗೆ ಅಂಟಿದರೆ ಸೋಪು ಹಚ್ಚಿ ತೊಳೆಯಿರಿ, ಮಕ್ಕಳನ್ನು ದೂರವಿಡಿ.

ಎಲ್‌ಸಿಡಿ ಟಿವಿಯಿಂದ ಎಕ್ಸ್‌ರೇ ಬರುತ್ತದೆಯೇ? ಇಲ್ಲ. ಹಳೆಯ ಟಿವಿಯಲ್ಲಿ ಇದ್ದ ಹೆಚ್ಚು ವೋಲ್ಟೇಜಿನ ಪಿಕ್ಚರ್ ಟ್ಯೂಬ್ ಇದರಲ್ಲಿ ಇಲ್ಲವೇ ಇಲ್ಲ. ತುಂಬಾ ಹೊತ್ತು ಹತ್ತಿರದಿಂದ ನೋಡಿದರೆ ಕಣ್ಣು ದಣಿಯುತ್ತದೆ, ಅದಕ್ಕೆ ಬಿಡುವು ಕೊಡಿ.

ಟಿವಿಯನ್ನು ಮಲಗಿಸಿ ಸಾಗಿಸಬೇಡಿ, ದೊಡ್ಡ ಟಿವಿಯಾದರೆ ಇಬ್ಬರು ಹಿಡಿಯಿರಿ. ತೆಳು ಗಾಜಿನ ಮಧ್ಯಕ್ಕೆ ಒತ್ತಡ ಬಿದ್ದರೆ ಬಿರುಕು ಬಿಡಬಹುದು. ಕೂತಾಗ ಪರದೆಯ ನಡುಭಾಗ ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೆ ಬರುವಂತೆ ಗೋಡೆಗೆ ಹಾಕಿಸಿ. ತೀರಾ ಎತ್ತರದಲ್ಲಿದ್ದರೆ ಕತ್ತೂ ನೋಯುತ್ತದೆ, ಕೆಲವು ಪರದೆಗಳಲ್ಲಿ ಬಣ್ಣವೂ ಮಂಕಾಗುತ್ತದೆ. ಕಿಟಕಿ ಗಾಜು ಒರೆಸುವ ಸ್ಪ್ರೇ ಬಳಸಬೇಡಿ. ಪರದೆಯ ಮೇಲ್ಪದರ ಪ್ಲಾಸ್ಟಿಕ್ ಹಾಳೆ, ಅದರ ಲೇಪನ ಹಾಳಾಗುತ್ತದೆ. ಮೆತ್ತನೆಯ ಒಣ ಬಟ್ಟೆ ಸಾಕು.

ಕೊನೆಗೆ ಒಂದು ಪ್ರಯೋಗ. ಪೋಲರಾಯ್ಡ್ ತಂಪು ಕನ್ನಡಕ ಇದ್ದರೆ ಎಲ್‌ಸಿಡಿ ಟಿವಿಯ ಮುಂದೆ ಹಿಡಿದು ನಿಧಾನ ತಿರುಗಿಸಿ. ಬಹುತೇಕ ಟಿವಿಗಳಲ್ಲಿ ಒಂದು ಕೋನದಲ್ಲಿ ಚಿತ್ರ ಕಪ್ಪಾಗಿ ಮಾಯವಾಗುತ್ತದೆ, ಮತ್ತೆ ತಿರುಗಿಸಿದರೆ ಮರಳುತ್ತದೆ. ನೀವು ಆಗ ನೋಡುವುದು ಬೆಳಕಿನ ಕಂಪನಕ್ಕೆ ದಿಕ್ಕಿದೆ ಎಂಬ ಸತ್ಯವನ್ನು. ಎಪ್ಪತ್ತು ವರ್ಷದ ಹಿಂದೆ ಮೇಖ್ರಿ ವೃತ್ತದ ಬಳಿ ಒಬ್ಬ ಯುವಕ ಹರಳುಗಳನ್ನಿಟ್ಟುಕೊಂಡು ಅಳೆಯುತ್ತಿದ್ದದ್ದೂ ಇದೇ ದಿಕ್ಕನ್ನು.

ಫಾರ್ವರ್ಡ್ ಮಾಡುವುದಿದ್ದರೆ ಹೀಗೆ ಮಾಡಿ: ಎಲ್‌ಸಿಡಿ ಟಿವಿಯನ್ನು ಕಂಡುಹಿಡಿದದ್ದು ಬೆಂಗಳೂರಲ್ಲ. ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಜಗತ್ತಿಗೆ ಮೊದಲು ತೋರಿಸಿದ್ದು ಬೆಂಗಳೂರು, 1977ರಲ್ಲಿ. ಈ ಸತ್ಯವೇ ಸಾಕಷ್ಟು ದೊಡ್ಡದಿದೆ, ಅದಕ್ಕೆ ಸುಳ್ಳಿನ ಒಗ್ಗರಣೆ ಬೇಡ.